ಕೂರಿಗೆಗೆ ಪೇಟೆಂಟ್ ಸಿಕ್ಕೀತೇ?

ಮಲಪ್ರಭೆಯ ದಂಡೆಯ ಹೊಳೆಆಲೂರು ರೋಣ ತಾಲ್ಲೂಕಿನ ಎರೆನಾಡಿನ ಊರು. ಹಸಿ ಎರೆಮಣ್ಣು ಕೂರಿಗೆಯ ತುದಿಗೆ ಮೆತ್ತಿಕೊಂಡರೆ ಬೀಜ ಇಳಿಯುವ ದಾರಿಯೇ ಕಟ್ಟುತ್ತದೆ. ಇಲ್ಲಿನ ರೈತರೊಬ್ಬರು ಕಮ್ಮಾರರನ್ನು ಜೊತೆಗೆ ಹಾಕಿಕೊಂಡು, ಗಾಲಿ ತಿರುಗಿದಾಗಲೆಲ್ಲ ಆ ಮಣ್ಣನ್ನು ಕೆರೆದು ಹಾಕುವ ಸ್ಪ್ರಿಂಗ್ ಪಟ್ಟಿಯೊಂದನ್ನು ಕೂರಿಗೆಗೆ ಕೂರಿಸಿದರು ಎಂದಿಟ್ಟುಕೊಳ್ಳಿ. ಇದಕ್ಕೆ ಪೇಟೆಂಟ್ ಸಿಗುತ್ತದೆಯೇ?

ಯಾವುದಕ್ಕೆ ಇಲ್ಲ

1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಮೊದಲು ಬೇಲಿ ಹಾಕುತ್ತದೆ. ವಿಜ್ಞಾನದ ನಿಯಮಕ್ಕೆ ಪೇಟೆಂಟ್ ಇಲ್ಲ. ಬೇಸಾಯದ ಪದ್ಧತಿಗೆ ಇಲ್ಲ. ತಲೆಮಾರುಗಳಿಂದ ಬಂದ ಅರಿವಿಗೂ ಇಲ್ಲ. ಹಾಗಾಗಿ ಸಾಲು ಬಿಟ್ಟು ಬಿತ್ತುವ ಕ್ರಮಕ್ಕಾಗಲಿ, ಎಲ್ಲರೂ ಬಲ್ಲ ಕೂರಿಗೆಗಾಗಲಿ ಒಡೆಯರಿಲ್ಲ. ಆದರೆ ಉಪಕರಣದಲ್ಲಿ ಹೊಸದಾಗಿ ಸೇರಿದ ಭಾಗ, ಆ ಕಸುಬು ಬಲ್ಲವರಿಗೂ ಸುಲಭಕ್ಕೆ ಹೊಳೆಯುವಂಥದ್ದಲ್ಲದಿದ್ದರೆ, ಅದಕ್ಕೆ ದಾರಿಯುಂಟು.

ಸರ್ ಎಂ. ವಿಶ್ವೇಶ್ವರಯ್ಯನವರು ಪೇಟೆಂಟ್ ಪಡೆದ ಸ್ವಯಂಚಾಲಿತ ಗೇಟುಗಳನ್ನು ನೋಡಿ. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅವು ಮೊದಲು ಕೂತವು. ನೀರು ಒಂದು ಮಟ್ಟ ಮೀರಿದರೆ ತಾವೇ ತೆರೆಯುತ್ತಿದ್ದವು, ಇಳಿದರೆ ತಾವೇ ಮುಚ್ಚುತ್ತಿದ್ದವು. ನೀರಿಗೆ ಒತ್ತಡವಿದೆ ಎಂಬ ಸತ್ಯ ಎಲ್ಲರದು. ಆ ಒತ್ತಡವನ್ನು ದುಡಿಸಿಕೊಂಡ ಗೇಟು ಮಾತ್ರ ಅವರದು. ವಿಜ್ಞಾನಕ್ಕೂ ತಂತ್ರಜ್ಞಾನಕ್ಕೂ ಇರುವ ಗೆರೆಯನ್ನು ಕಾನೂನು ಎಳೆಯುವುದು ಇಲ್ಲಿಯೇ.

ಕ್ಲೇಮು ಬರೆಯುವುದು

ಅರ್ಜಿಯ ಜೀವ ಇರುವುದು ಕ್ಲೇಮಿನಲ್ಲಿ. ನಮ್ಮ ಹಕ್ಕು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವ ಒಂದೇ ವಾಕ್ಯ ಅದು. ‘ಮಣ್ಣು ಕಟ್ಟದ ಕೂರಿಗೆ’ ಎಂದು ಬರೆದರೆ ಪರೀಕ್ಷಕರು ಒಪ್ಪುವುದಿಲ್ಲ. ಅದು ಫಲವನ್ನು ಹೇಳಿತು, ಸಾಧನವನ್ನು ಹೇಳಲಿಲ್ಲ. ‘ಒಂಬತ್ತು ಇಂಚಿನ ಉಕ್ಕಿನ ಪಟ್ಟಿ’ ಎಂದರೆ ಪಕ್ಕದೂರಿನವರು ಹತ್ತು ಇಂಚಿನದು ಮಾಡಿ ಪಾರಾಗುತ್ತಾರೆ. ‘ಗಾಲಿಯ ಚಲನೆಯಿಂದ ಆಡುತ್ತ, ಬೀಜದ ಕೊಳವೆಯ ಬಾಯಿಯನ್ನು ಕೆರೆಯುವ ಸ್ಥಿತಿಸ್ಥಾಪಕ ಪಟ್ಟಿ’ ಎಂದರೆ ಹದ ಸಿಕ್ಕಿತು. ಅರ್ಜಿ ಬರೆಯುವುದೇ ಕಸುಬಾದ ನನಗೆ ಅನಿಸಿದ್ದಿಷ್ಟು: ಯಂತ್ರ ಮಾಡಿದವರಿಗೂ ತಮ್ಮದರಲ್ಲಿ ಹೊಸದು ಯಾವುದೆಂದು ತಿಳಿಯಾಗುವುದು ಈ ವಾಕ್ಯ ಬರೆಯಲು ಕೂತಾಗಲೇ.

ಅರ್ಜಿಯ ಹಾದಿ

ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ, ಆನ್‌ಲೈನಿನಲ್ಲೇ ಸಲ್ಲಿಸಬಹುದು. ವ್ಯಕ್ತಿಯೊಬ್ಬರಿಗೆ ಸಲ್ಲಿಕೆ ಶುಲ್ಕ 1,600 ರೂಪಾಯಿ, ಪರೀಕ್ಷೆಗೆ 4,000 ರೂಪಾಯಿ. ಕೆಲಸ ಇನ್ನೂ ಪೂರ್ತಿಯಾಗದಿದ್ದರೆ ತಾತ್ಕಾಲಿಕ ವಿವರಣೆ ಕೊಟ್ಟು ದಿನಾಂಕ ಹಿಡಿಯಬಹುದು. ಪೂರ್ಣ ವಿವರಣೆಗೆ 12 ತಿಂಗಳ ಕಾಲಾವಕಾಶ. ಸಾಮಾನ್ಯವಾಗಿ 18 ತಿಂಗಳಿಗೆ ಅರ್ಜಿ ಪ್ರಕಟವಾಗುತ್ತದೆ. ಪೇಟೆಂಟ್ ಸಿಕ್ಕರೆ ಅವಧಿ ಅರ್ಜಿಯ ದಿನದಿಂದ 20 ವರ್ಷ. ನವೀಕರಣ ಶುಲ್ಕ ಕಟ್ಟದಿದ್ದರೆ ಮೊದಲೇ ಮುಗಿಯುತ್ತದೆ. ಗುಟ್ಟು ಬಿಟ್ಟುಕೊಟ್ಟು ಅವಧಿಯ ಹಕ್ಕು ಪಡೆಯುವ ಕರಾರು ಇದು. ಆಮೇಲೆ ಆ ಪಟ್ಟಿ ಎಲ್ಲ ಕಮ್ಮಾರರದು.

ಹಳ್ಳಿಯ ಬುದ್ಧಿಗೆ ಇದು ದೂರದ ಮಾತೇನಲ್ಲ. ನೆರೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆಬೀಜ ಬೇರ್ಪಡಿಸುವ ಯಂತ್ರ, ಬಿತ್ತುವ ಕೂರಿಗೆಗಳನ್ನು ರೂಪಿಸಿ 2022ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ಇಂಥವರ ಪೇಟೆಂಟ್ ಅರ್ಜಿಗೆ ಗಾಂಧಿನಗರದ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ನೆರವಾಗುತ್ತದೆ.

ಒಂದು ಎಚ್ಚರ. ಅರ್ಜಿಗೆ ಮೊದಲೇ ಯಂತ್ರವನ್ನು ನಾಲ್ಕು ಜನರೆದುರು ತೋರಿಸಿದರೆ, ಮೊಬೈಲಿನಲ್ಲಿ ಹಂಚಿದರೆ, ಅದು ಕಾನೂನಿನ ಕಣ್ಣಿಗೆ ಹಳೆಯದು. ಪ್ರದರ್ಶನದ ವಿನಾಯಿತಿ ಸಿಗುವುದು ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ ಮಾತ್ರ. ಆದ್ದರಿಂದ ಧಾರವಾಡದ ಕೃಷಿ ಮೇಳಕ್ಕೆ ಕೂರಿಗೆ ಒಯ್ಯುವ ಮುಂಚೆ ತಾತ್ಕಾಲಿಕ ಅರ್ಜಿ ಹಾಕಿ, ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ.