ಚಳಿಗಾಲದ ಅತಿಥಿಗಳ 180 ದಿನ, ನಮ್ಮವರ 15 ವರ್ಷ

"ಸರ್, ಆ ಬಿಳಿ ಅಜ್ಜ-ಅಜ್ಜಿ ವರ್ಷಾ ಬರ್ತಾರ. ಮಳಿಗಾಲದಾಗ ಯಾಕ ಇರಂಗಿಲ್ಲ?"

ಗೋವಾದ ಕನ್ನಡ ಶಾಲೆಯ ಬಾಲಕಿಯೊಬ್ಬಳು ಕೇಳಿದ ಪ್ರಶ್ನೆ ಇದು. ಅವಳ ತಾಯಿ ಕಡಲತೀರದಲ್ಲಿ ಮಣಿಸರ ಮಾರುತ್ತಾರೆ. ಆ ವೃದ್ಧ ದಂಪತಿ ಅವರ ಹಳೆಯ ಗಿರಾಕಿಗಳು. ಮಳೆಗೆ ಹೆದರಿ ಹೋಗುತ್ತಾರೆಂದು ನಾವು ಆಗ ಹೇಳಿದ ಉತ್ತರ ಅರ್ಧ ಮಾತ್ರ ಸರಿಯಾಗಿತ್ತು. ಉಳಿದರ್ಧ ಅವರ ಪಾಸ್‌ಪೋರ್ಟಿನಲ್ಲಿದೆ. ಗೋವಾದಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳ ಅನ್ನ ಆ ಪುಟವನ್ನೇ ಅವಲಂಬಿಸಿರುವುದರಿಂದ ಅದನ್ನು ವಿವರವಾಗಿ ತಿಳಿಯುವುದು ಅಗತ್ಯ.

ಕಾಂದೋಳಿ, ಕಲಂಗುಟ್, ಕೋಲ್ವಾ, ಬೇನಾವ್ಲಿ, ಪಾಲೋಲೆಂ ಮೊದಲಾದ ತೀರಗಳಿಗೆ ಪ್ರತಿ ಅಕ್ಟೋಬರ್-ನವೆಂಬರ್ ವೇಳೆಗೆ ಬ್ರಿಟನ್ನಿನ ನಿವೃತ್ತರು ಬಂದಿಳಿಯುತ್ತಾರೆ. ಇವರಲ್ಲಿ ಹಲವರು ಸಿರಿವಂತರಲ್ಲ. ಪಿಂಚಣಿಯಲ್ಲಿ ಬದುಕುವ ಸಾಮಾನ್ಯರು. ಅಲ್ಲಿ ಚಳಿಗಾಲವೆಂದರೆ ಮಧ್ಯಾಹ್ನ ನಾಲ್ಕಕ್ಕೇ ಕವಿಯುವ ಕತ್ತಲೆ, ಮನೆ ಬೆಚ್ಚಗಿಡಲು ತೆರಬೇಕಾದ ದುಬಾರಿ ಬಿಲ್ಲು, ಸಂಧಿವಾತದ ನೋವು. ಅದೇ ಹಣದಲ್ಲಿ ಇಲ್ಲಿ ಬಾಡಿಗೆ ಕೋಣೆ, ಮೀನೂಟ, ಬಿಸಿಲು ಎಲ್ಲವೂ ದೊರೆಯುತ್ತವೆ. ಒಂದೇ ಮನೆಯ ಒಂದೇ ಕೋಣೆಗೆ ವರ್ಷವರ್ಷವೂ ಮರಳುವವರಿದ್ದಾರೆ. ಮನೆಯೊಡತಿಯ ಮೊಮ್ಮಕ್ಕಳ ಹೆಸರೂ ಅವರಿಗೆ ಬಾಯಿಪಾಠ.

ಇಷ್ಟಾದರೂ ಕಾನೂನಿನ ಕಣ್ಣಿನಲ್ಲಿ ಅವರು ಪ್ರವಾಸಿಗರು. ಥಾಯ್ಲೆಂಡಿನಲ್ಲಿ 50 ವರ್ಷ ದಾಟಿದ ವಿದೇಶೀಯರಿಗೆ ನಿವೃತ್ತರ ವೀಸಾ ಇದೆ. ಶ್ರೀಲಂಕೆಯಲ್ಲಿಯೂ 55 ದಾಟಿದವರಿಗೆ ಅಂಥ ವ್ಯವಸ್ಥೆಯಿದೆ. ಭಾರತದಲ್ಲಿ ಅಂಥದ್ದಿಲ್ಲ. ಆದುದರಿಂದ ಹದಿನೈದನೆಯ ಚಳಿಗಾಲಕ್ಕೆ ಬಂದ ಅಜ್ಜನೂ ಮೊದಲ ಬಾರಿ ಬಂದ ತರುಣನೂ ಒಂದೇ ಪ್ರವಾಸಿ ವೀಸಾದಲ್ಲಿ ಬರಬೇಕು. ವೀಸಾ ಐದು ವರ್ಷ ಚಾಲ್ತಿಯಲ್ಲಿದ್ದರೂ ವಾಸ ಒಮ್ಮೆಗೆ 180 ದಿನ ಮೀರುವಂತಿಲ್ಲ. ವೀಸಾದ ಅವಧಿ ಬೇರೆ, ಇರಬಹುದಾದ ದಿನಗಳ ಲೆಕ್ಕ ಬೇರೆ ಎಂಬುದನ್ನು ಅನೇಕರು ಅರಿಯರು.

ತವರಿನ ಲೆಕ್ಕವೂ ಅವರನ್ನು ಹಿಂದಕ್ಕೆ ಎಳೆಯುತ್ತದೆ. ಬ್ರಿಟನ್ ಬಿಟ್ಟು ಭಾರತದಲ್ಲಿಯೇ ನೆಲೆಸಿದರೆ ಅಲ್ಲಿನ ಸರಕಾರಿ ಪಿಂಚಣಿಯ ವಾರ್ಷಿಕ ಏರಿಕೆ ನಿಂತುಹೋಗುತ್ತದೆ. ಅಲ್ಲಿನ ಉಚಿತ ಆರೋಗ್ಯ ಸೇವೆಯೂ ಅಲ್ಲಿಯ ನಿವಾಸಿಗಳಿಗೇ ಮೀಸಲು. ಹೀಗಾಗಿ ಮನೆಯ ಬಾಗಿಲನ್ನು ಅಲ್ಲಿಯೇ ಇಟ್ಟುಕೊಂಡು, ಅಂಗಳವನ್ನು ಇಲ್ಲಿ ಹುಡುಕುವುದು ಅವರಿಗೆ ಲಾಭದಾಯಕ.

ಪ್ರವಾಸಿ ವೀಸಾದಲ್ಲಿ ದುಡಿದು ಸಂಪಾದಿಸುವಂತಿಲ್ಲ, ವ್ಯಾಪಾರ ನಡೆಸುವಂತಿಲ್ಲ. ಮನೆ ಅಥವಾ ಜಮೀನು ಕೊಳ್ಳುವಂತೆಯೂ ಇಲ್ಲ. ಐದು ವರ್ಷ ಮೀರದ ಗುತ್ತಿಗೆಗೆ ಮಾತ್ರ ಅವಕಾಶ. ಈ ನಿಯಮ ತಿಳಿಯದೆ, ಇಲ್ಲವೇ ತಿಳಿದೂ, ಗೋವಾದಲ್ಲಿ ಆಸ್ತಿ ಕೊಂಡ ವಿದೇಶೀಯರ ಮೇಲೆ ಈ ಶತಮಾನದ ಮೊದಲ ದಶಕದಲ್ಲಿ ಜಾರಿ ನಿರ್ದೇಶನಾಲಯ ತನಿಖೆ ನಡೆಸಿತು. ದಲ್ಲಾಳಿ ದುಡ್ಡು ಎಣಿಸಿಕೊಂಡು ಹೋದ; ವೃದ್ಧರು ವಕೀಲರ ಬಾಗಿಲಿಗೆ ಅಲೆದರು. ನಮ್ಮವರು ಗಮನಿಸಬೇಕಾದ ಮಾತೂ ಒಂದಿದೆ: ನೀವು ವಿದೇಶೀಯರಿಗೆ ಕೋಣೆ ಕೊಟ್ಟರೆ 24 ಗಂಟೆಗಳೊಳಗೆ ವಿದೇಶೀಯರ ನೋಂದಣಿ ಅಧಿಕಾರಿಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಜನ ಇದನ್ನು ಸಿ-ಫಾರಂ ಎನ್ನುತ್ತಾರೆ. "ನಮ್ಮ ಹಳೆಯ ಪರಿಚಯದವರು" ಎಂಬ ಕಾರಣಕ್ಕೆ ವಿನಾಯಿತಿಯಿಲ್ಲ.

ನಿಯಮ ಬದಲಾಗುವುದು ದೂರದಲ್ಲಿ, ಅದರ ಪೆಟ್ಟು ಬೀಳುವುದು ಇಲ್ಲಿ. 2009ರಲ್ಲಿ ಮುಂಬಯಿ ದಾಳಿಯ ಸಂಚುಗಾರ ಡೇವಿಡ್ ಹೆಡ್ಲಿ ಸಿಕ್ಕಿಬಿದ್ದ ಮೇಲೆ, ಎರಡು ಭೇಟಿಗಳ ನಡುವೆ ಎರಡು ತಿಂಗಳ ಅಂತರವಿರಬೇಕೆಂಬ ಆದೇಶ ಬಂತು. ಅವಧಿ ಮುಗಿದೊಡನೆ ನೇಪಾಳಕ್ಕೋ ಶ್ರೀಲಂಕೆಗೋ ಹೋಗಿ ಮರಳುತ್ತಿದ್ದವರು ದಿಕ್ಕುಗೆಟ್ಟರು. 2012ರ ಕೊನೆಯಲ್ಲಿ ಬಹುಪಾಲು ದೇಶಗಳವರಿಗೆ ಅದು ಸಡಿಲವಾಯಿತು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣ ಪ್ರವಾಸಿ ವೀಸಾಗಳೇ ಅಮಾನತಾದವು. ಸಿಲುಕಿದ್ದ ಬ್ರಿಟಿಷರನ್ನು ಏಪ್ರಿಲಿನಲ್ಲಿ ವಿಶೇಷ ವಿಮಾನಗಳಲ್ಲಿ ಕರೆದೊಯ್ದರು. ಸಾಮಾನ್ಯ ವಿಮಾನಗಳಲ್ಲಿ ಪ್ರವಾಸಿಗರು ಮತ್ತೆ ಬರತೊಡಗಿದ್ದು 2021ರ ನವೆಂಬರ್ 15ರಿಂದ. ಮರುವರ್ಷದ ಸೀಸನ್ನಿಗೂ ವಿಘ್ನ ತಪ್ಪಲಿಲ್ಲ. ಬ್ರಿಟಿಷರಿಗೆ ಇ-ವೀಸಾ ದೊರೆಯದೆ, ವೃದ್ಧರೂ ವೀಸಾ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕಾಯಿತು. ಟಿಕೆಟ್ ಕೊಂಡವರೇ ಪ್ರಯಾಣ ಕೈಬಿಟ್ಟರು. 2022ರ ಡಿಸೆಂಬರಿನಲ್ಲಿ ಇ-ವೀಸಾ ಮರಳುವಷ್ಟರಲ್ಲಿ ಸೀಸನ್ನಿನ ಮೊದಲ ಭಾಗ ಕಳೆದುಹೋಗಿತ್ತು.

ಆ ವರ್ಷಗಳನ್ನು ನಾವು ಹಾಜರಿ ಪುಸ್ತಕದಲ್ಲಿ ಓದಿದೆವು. ತೀರದಲ್ಲಿ ಮಾರುವ ಲಂಬಾಣಿ ತಾಯಂದಿರು ವಿಜಯಪುರ, ಗದಗ, ಬಾಗಲಕೋಟೆಯ ಕಡೆಯವರು. ಶ್ಯಾಕಿನಲ್ಲಿ ಪಾತ್ರೆ ತೊಳೆಯುವ, ಕೋಣೆ ಗುಡಿಸುವ ಕೆಲಸಗಳಲ್ಲಿಯೂ ನಮ್ಮವರಿದ್ದಾರೆ. ಗಿರಾಕಿ ಬಾರದಿದ್ದರೆ ಕುಟುಂಬ ಊರಿಗೆ ಹೊರಡುತ್ತದೆ, ಮಗುವಿನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲುಗಟ್ಟುತ್ತದೆ. ಗ್ರಾಹಕರಿದ್ದಾಗಲೂ ತೀರದ ಕೈವ್ಯಾಪಾರಕ್ಕೆ ನಿರ್ಬಂಧವಿರುವುದರಿಂದ ಗಂಟು ಹೊತ್ತು ಓಡುವ ಪಾಡು ಬೇರೆ.

ಇಲ್ಲಿ ನಮ್ಮನ್ನು ಕಾಡುವ ವೈಚಿತ್ರ್ಯವೊಂದಿದೆ. ಆ ಅಜ್ಜನ ದಿನಗಳು 180 ಮೀರಬಾರದೆಂದು ಎಣಿಸಲಾಗುತ್ತದೆ. ನಮ್ಮ ಮಕ್ಕಳ ವರ್ಷಗಳು 15 ತುಂಬಿದವೇ ಎಂದು ಎಣಿಸಲಾಗುತ್ತದೆ. ಗೋವಾದ ಸರಕಾರಿ ಉದ್ಯೋಗಕ್ಕೆ 15 ವರ್ಷಗಳ ವಾಸದ ಪ್ರಮಾಣಪತ್ರ ಬೇಕು, ಜೊತೆಗೆ ಕೊಂಕಣಿಯ ಜ್ಞಾನವೂ ಬೇಕು. ಅಜ್ಜನ ಲೆಕ್ಕವನ್ನು ವಿಮಾನ ನಿಲ್ದಾಣದ ಕಂಪ್ಯೂಟರು ತಾನಾಗಿಯೇ ಇಡುತ್ತದೆ. ನಮ್ಮ ಲೆಕ್ಕವನ್ನು ನಾವೇ ಇಡಬೇಕು. ಈ ದೇಶದ ಪ್ರಜೆಗಳಾಗಿಯೂ "ಘಾಂಟಿ" ಎಂಬ ಹೀಯಾಳಿಕೆ ಕೇಳಿಕೊಂಡು, ಇಲ್ಲಿಯೇ ಇದ್ದೆವೆಂದು ಕಾಗದ ತೋರಿಸಬೇಕು.

ಬಾಡಿಗೆ ಕರಾರು ಬರೆದುಕೊಡದ ಮನೆಯೊಡೆಯರೇ ಹೆಚ್ಚಿರುವಾಗ, ಬಡ ಕುಟುಂಬದ ಬಳಿ ವರ್ಷವಾರು ಉಳಿಯುವ ಗಟ್ಟಿ ದಾಖಲೆಯೆಂದರೆ ಶಾಲೆಯದೇ: ದಾಖಲಾತಿ ಪುಸ್ತಕ, ಅಂಕಪಟ್ಟಿ, ವರ್ಗಾವಣೆ ಪತ್ರ. ಸೀಸನ್ ಮುಗಿದು ಊರಿಗೆ ಹೊರಡುವಾಗ ಪಾಲಕರು ಯಾರಿಗೂ ಹೇಳದೆ ಹೋಗುತ್ತಾರೆ. ಮಗುವಿನ ಹೆಸರು ತೆಗೆದುಹಾಕಿದರೆ ಒಂದು ವರ್ಷದ ಪುರಾವೆಯೂ ಹೋದಂತೆ. ಹೊರಡುವ ಮುನ್ನ ಮುಖ್ಯಾಧ್ಯಾಪಕರಿಗೆ ಒಂದು ಅರ್ಜಿ ಬರೆದುಕೊಡಿ, ಮರಳುವ ದಿನಾಂಕ ತಿಳಿಸಿ. ಬರೆಯಲು ಬಾರದಿದ್ದರೆ ಶಾಲೆಗೆ ಬನ್ನಿ, ನಾವು ಬರೆದುಕೊಡುತ್ತೇವೆ.