ಹೊತ್ತು ಏರುವ ಮುನ್ನ ಹವಳಗಾ

ಮೂಡಣ ಕೆಂಪೇರುವ ಮೊದಲೇ ಹವಳಗಾದ ಓಣಿಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಏಳುತ್ತದೆ. ಒಲೆಯ ಹೊಗೆ, ಹಂಚಿನ ಮೇಲೆ ಬೇಯುವ ಜೋಳದ ಘಮ, ಅಂಗಳಕ್ಕೆ ಚಿಮುಕಿಸಿದ ನೀರಿನ ತಂಪು. ಅಫಜಲಪುರ ತಾಲ್ಲೂಕಿನ ಈ ಊರಿಗೆ ಮೇ ತಿಂಗಳಲ್ಲಿ ದಕ್ಕುವ ಹಿತವಾದ ಹೊತ್ತು ಇದೊಂದೇ. ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿಯ ಬುತ್ತಿ ಕಟ್ಟಿಕೊಂಡು, ತಲೆತುಂಬ ಸೆರಗು ಹೊದ್ದ ಹೆಣ್ಣುಮಕ್ಕಳು ಕಸ ತೆಗೆಯಲು ಕಬ್ಬಿನ ಹೊಲದ ದಾರಿ ಹಿಡಿಯುತ್ತಾರೆ. ಸಕ್ಕರೆ ಕಾರ್ಖಾನೆಯ ಹಂಗಾಮು ಮುಗಿದು ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಗದ್ದಲವಿಲ್ಲ. ಅವರ ಬಳೆಗಳ ಸದ್ದು ದೂರದವರೆಗೂ ಕೇಳುತ್ತದೆ.

ಹೊತ್ತು ಏರಿದಂತೆ ಬಿರುಕು ಬಿಟ್ಟ ಎರಿ ಹೊಲಗಳಿಂದ ಝಳ ಮೇಲೇಳುತ್ತದೆ. ತಗಡಿನ ಮನೆಗಳು ಕಾದು ಒಳಗೆ ಕೂರಲಾಗದು. ದಪ್ಪ ಗೋಡೆಯ ಮಣ್ಣಿನ ಮಾಳಿಗೆಗಳು ಮಾತ್ರ ರಾತ್ರಿಯ ತಂಪನ್ನು ಇನ್ನೂ ಹಿಡಿದಿಟ್ಟಿರುತ್ತವೆ. ಹೊಲದಿಂದ ಮರಳಿದವರು ಬೇವಿನ ಕಟ್ಟೆಗೆ ಬಂದು ಕೂರುತ್ತಾರೆ. ಬನ್ನಿ, ನಾವೂ ಕೂರೋಣ. ಅಜ್ಜಿಯೊಬ್ಬರು ಉಪ್ಪು, ಜೀರಿಗೆ ಬೆರೆಸಿದ ಮಜ್ಜಿಗೆಯ ತಂಬಿಗೆ ಚಾಚುತ್ತಾರೆ: “ನೀರಡಿಕಿ ಆಗೋತನಕ ಕಾಯಬ್ಯಾಡ ತಂಗಿ, ಮೊದ್ಲೇ ಕುಡಿ.”

ಕಟ್ಟೆಯ ಮೂಲೆಯಲ್ಲಿ ಒದ್ದೆ ಮೈಯ ಮಣ್ಣಿನ ಹರವಿ. ಜಿನುಗಿದ ನೀರು ಗಾಳಿಗೆ ಆರುತ್ತಲೇ ಒಳಗಿನದನ್ನು ತಣ್ಣಗಿಡುತ್ತದೆ. ನಮ್ಮ ಮೈ ಬೆವರುವುದೂ ಹೀಗೆಯೇ. ಕಲಬುರಗಿ ಸೀಮೆಯಲ್ಲಿ ಬಿಸಿಲು 42 ಡಿಗ್ರಿ ದಾಟುವ ದಿನಗಳಲ್ಲಿ ಬೆವರಿನೊಂದಿಗೆ ನೀರೂ ಉಪ್ಪೂ ಹರಿದುಹೋಗುತ್ತವೆ. ಅವನ್ನು ತುಂಬಿಕೊಳ್ಳಲು ಮಜ್ಜಿಗೆ, ಅಂಬಲಿ ಬೇಕು. ತೀರಾ ಬಳಲಿದವರಿಗೆ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣದಂತೆ ಕಲಸಿದ ಓಆರ್‌ಎಸ್ ಬೇಕು. ತಲೆಸುತ್ತು, ವಾಕರಿಕೆ, ಕಾಲಿನ ಸೆಳೆತ ಕಂಡರೆ ಅಲ್ಲಿಗೇ ಕೆಲಸ ನಿಲ್ಲಿಸಿ ನೆರಳಿಗೆ ಬರಬೇಕು. ಸಾಮಾನ್ಯವಾಗಿ 37 ಡಿಗ್ರಿ ಇರುವ ಮೈಬಿಸಿ 40 ದಾಟಿ, ಮಾತು ತೊದಲಿ, ಎಚ್ಚರ ತಪ್ಪಿದರೆ ಅದು ಜೀವಕ್ಕೆ ಅಪಾಯ. ಕೂಡಲೇ 108ಕ್ಕೆ ಕರೆ ಮಾಡಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಿರಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ರೂಢಿ. ಕಡತ ನೋಡುವವರಿಗೆ ಸಿಗುವ ಈ ರಿಯಾಯಿತಿ, ಇಟ್ಟಿಗೆ ಹೊರುವ, ಕಲ್ಲು ಒಡೆಯುವ, ಹೊಲದಲ್ಲಿ ಬಾಗಿ ದುಡಿಯುವ ಕೈಗಳಿಗೂ ಸಿಗಬೇಡವೇ? ಕೂಲಿಗೆ ಕರೆಯುವವರೇ, ನಸುಕಿನಲ್ಲೇ ಕೆಲಸ ಹಚ್ಚಿರಿ, ಬಿಸಿಲು ಬಲಿಯುವ ಮೊದಲೇ ಬಿಡಿರಿ, ಅದಕ್ಕಾಗಿ ಕೂಲಿ ಮುರಿಯಬೇಡಿರಿ. ಕೆಲಸದ ಜಾಗದಲ್ಲಿ ನೆರಳೂ ಒಂದು ಹರವಿ ನೀರೂ ಇರಲಿ.