ಶಕ್ತಿಗುಣಾಂಕವೂ ತರಂಗವಿಕೃತಿಯೂ

ಪರ್ಯಾಯ ವಿದ್ಯುತ್ಪ್ರವಾಹದಲ್ಲಿ ವೋಲ್ಟುಗಳನ್ನೂ ಆಂಪಿಯರುಗಳನ್ನೂ ಗುಣಿಸಿದ ಮಾತ್ರಕ್ಕೆ ನಿಜವಾದ ಶಕ್ತಿಯು ದೊರೆಯದು. ಆ ಗುಣಲಬ್ಧವು ತೋರಿಕೆಯ ಶಕ್ತಿ. ವಾಟ್‌ಮೀಟರು ತೋರಿಸುವುದು ಕಾರ್ಯಕಾರಿಯಾದ ಶಕ್ತಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಪವರ್ ಫ್ಯಾಕ್ಟರ್. ಇದನ್ನು ಶಕ್ತಿಗುಣಾಂಕವೆಂದು ಕರೆಯಬಹುದು.

ಮೋಟಾರುಗಳೇ ಪ್ರಧಾನವಾಗಿದ್ದಲ್ಲಿ ಈ ಗುಣಾಂಕವು ಕುಗ್ಗಲು ಮುಖ್ಯ ಕಾರಣ, ಪ್ರವಾಹವು ವೋಲ್ಟೇಜಿಗಿಂತ ಹಿಂದೆ ಬೀಳುವುದು. ಕೆಪಾಸಿಟರು ಅದಕ್ಕೆ ತಕ್ಕ ಮದ್ದು. ಆದರೆ ಗಣಕಯಂತ್ರ, ಎಲ್‌ಇಡಿ ದೀಪ ಮೊದಲಾದವುಗಳಲ್ಲಿ ಹಲವು ವೋಲ್ಟೇಜಿನ ಶಿಖರದ ಸಮೀಪದಲ್ಲಿ ಮಾತ್ರ ಪ್ರವಾಹವನ್ನು ಗುಕ್ಕುಗುಕ್ಕಾಗಿ ಸೆಳೆಯುತ್ತವೆ. ಇಂತಹ ವಿಕೃತ ತರಂಗವನ್ನು ಶುದ್ಧ ತರಂಗಗಳ ಮೊತ್ತವಾಗಿ ಬಿಡಿಸುವ ಕ್ರಮವನ್ನು ಫ್ರೆಂಚ್ ಗಣಿತಜ್ಞ ಫೂರಿಯೇ ಉಷ್ಣವನ್ನು ಕುರಿತ 1822ರ ಗ್ರಂಥದಲ್ಲಿ ವಿವರಿಸಿದನು. ನಮ್ಮ ದೇಶದಲ್ಲಿ ಮೂಲತರಂಗದ ಆವರ್ತನ 50 ಹರ್ಟ್ಸ್. 150, 250, 350 ಹರ್ಟ್ಸಿನವು ಅದರ ಹಾರ್ಮೋನಿಕ್‌ಗಳು.

ಒಂದು ಲೆಕ್ಕವನ್ನು ನೋಡೋಣ. ವೋಲ್ಟೇಜು 230, ಶುದ್ಧ ತರಂಗ. ಪ್ರವಾಹದ ಮೂಲಾಂಶ 8 ಆಂಪಿಯರ್, ಅದು ವೋಲ್ಟೇಜಿನೊಡನೆ ಸರಿಹೆಜ್ಜೆ ಹಾಕುತ್ತಿದೆ. ಹಾರ್ಮೋನಿಕ್‌ಗಳು ಒಟ್ಟು 6 ಆಂಪಿಯರ್. ಇವುಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಒಟ್ಟು ಪ್ರವಾಹ 10 ಆಂಪಿಯರ್. ತೋರಿಕೆಯ ಶಕ್ತಿ 2300 ವೋಲ್ಟ್-ಆಂಪಿಯರ್. ಕೆಲಸ ಮಾಡುವುದು 1840 ವಾಟ್ ಮಾತ್ರ. ಗುಣಾಂಕ 0.8. 6ನ್ನು 8ರಿಂದ ಭಾಗಿಸಿದರೆ ವಿಕೃತಿ ಶೇಕಡ 75. ಮೂಲತರಂಗದ ಕೋನವನ್ನಷ್ಟೇ ಅಳೆಯುವ ಉಪಕರಣವಾದರೋ ಗುಣಾಂಕ 1 ಎಂದೇ ಹೇಳೀತು!

ಇನ್ನೊಂದು ಮೋಸವೂ ಉಂಟು. ಅಗ್ಗದ ಮೀಟರುಗಳಲ್ಲಿ ಹಲವು ಪ್ರವಾಹದ ಸರಾಸರಿಯನ್ನು ಅಳೆದು 1.11ರಿಂದ ಗುಣಿಸಿ ತೋರಿಸುತ್ತವೆ. ಶುದ್ಧ ತರಂಗಕ್ಕೆ ಇದು ಸರಿ. ಚೂಪಾದ ಗುಕ್ಕುಗಳಿಗೆ ನಿಜಕ್ಕಿಂತ ಕಡಿಮೆ ಬರುತ್ತದೆ. ಆದುದರಿಂದ ‘ಟ್ರೂ ಆರ್‌ಎಂಎಸ್’ ಮೀಟರನ್ನೂ, ಹಾರ್ಮೋನಿಕ್‌ಗಳನ್ನು ಬಿಡಿಬಿಡಿಯಾಗಿ ತೋರಿಸುವ ವಿಶ್ಲೇಷಕವನ್ನೂ ಬಳಸಬೇಕು.

ಇದು ಬರಿಯ ಲೆಕ್ಕದ ಸೂಕ್ಷ್ಮವಲ್ಲ. ಮೂರು ಫೇಸುಗಳ ಕಟ್ಟಡದಲ್ಲಿ ಸಮತೂಕದ ಮೂಲಾಂಶಗಳು ನ್ಯೂಟ್ರಲ್ ತಂತಿಯಲ್ಲಿ ಪರಸ್ಪರ ಅಳಿಯುತ್ತವೆ. ಮೂರನೆಯ ಹಾರ್ಮೋನಿಕ್‌ಗಳಾದರೋ ಕೂಡಿಕೊಳ್ಳುತ್ತವೆ. ಮೇಲಿನ ಲೆಕ್ಕದಲ್ಲಿ ಮೂರನೆಯದು 5 ಆಂಪಿಯರ್ ಇದ್ದರೆ, ಫೇಸಿನ ತಂತಿಯಲ್ಲಿ 10 ಹರಿಯುವಾಗ ನ್ಯೂಟ್ರಲಿನಲ್ಲಿ ಅದೊಂದರಿಂದಲೇ 15 ಆಂಪಿಯರ್ ಹರಿಯುತ್ತದೆ. ತೆಳುವಾದ ತಂತಿಯು ಕಾದು ಹೊದಿಕೆ ಸುಡಬಹುದು. ಅಲ್ಲಿ ಕೆಪಾಸಿಟರನ್ನು ಕೂಡಿಸಿದರೆ ದೋಷವು ನೀಗದು. ಹೆಚ್ಚಿನ ಆವರ್ತನಕ್ಕೆ ಕೆಪಾಸಿಟರಿನ ತಡೆ ಕಡಿಮೆಯಾದುದರಿಂದ ಅದೇ ಹಾರ್ಮೋನಿಕ್‌ಗಳನ್ನು ಸೆಳೆದು ಬಿಸಿಯಾದೀತು. ಅಲ್ಲಿ ಬೇಕಾದುದು ಫಿಲ್ಟರು ಮತ್ತು ದಪ್ಪನೆಯ ನ್ಯೂಟ್ರಲ್ ತಂತಿ. ರೋಗವನ್ನು ಅರಿತ ಮೇಲೆ ಮದ್ದು. ಮೊದಲು ನ್ಯೂಟ್ರಲನ್ನು ಅಳೆಯುವುದು ಲೇಸು.